ಮುರಿದುಕೊಂಡ ಹಣವನ್ನು ಕೇಳಿ ಪಡೆಯೋಣ

(ತಾಲ್ಲೂಕಿನ ಕಾರ್ಯಕರ್ತರ ಹಾಗೂ ಹಿತೈಷಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ವರಮಾನ ತೆರಿಗೆಯ ವಿಷಯವಾಗಿ ಈ ದಿನ ನಾಲ್ಕು ಮಾತು ಹೇಳಬೇಕೆಂದು ಅಧ್ಯಕ್ಷರು ನನಗೆ ಅಪ್ಪಣೆ ಮಾಡಿದಾಗ ಪಕ್ಕದಲ್ಲಿದ್ದ ಮಿತ್ರರೊಬ್ಬರು ನಕ್ಕುಬಿಟ್ಟರು. "ಮೇಷ್ಟ್ರೇ, ನಮ್ಮ ಸಭೆಗೆ ಬರುವವರಿಗೆ ವರಮಾನವೇ ಇಲ್ಲ, ಇನ್ನು ತೆರಿಗೆ ಎಲ್ಲಿಂದ ಬಂತು?" ಎಂದರು. ಎರಡು ವರ್ಷದ ಹಿಂದೆ ನಾನೂ ಅದೇ ಮಾತನ್ನೇ ಹೇಳುತ್ತಿದ್ದೆ. ಸಾಹುಕಾರರು, ಕಂಟ್ರಾಕ್ಟರರು, ದೊಡ್ಡ ಅಧಿಕಾರಿಗಳು, ಇವರ ತಲೆನೋವಿಗೆ ನಮ್ಮ ಸಭೆಯ ಹೊತ್ತನ್ನು ಏಕೆ ಹಾಳುಮಾಡಬೇಕು ಎಂದುಕೊಂಡಿದ್ದೆ. ಆ ಎಣಿಕೆ ತಪ್ಪೆಂದು ನನಗೆ ಕಲಿಸಿದವರು ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಒಬ್ಬ ತಾಯಿ. ಮೊದಲು ಅವರ ಸಂಗತಿಯನ್ನೇ ಹೇಳಿಬಿಡುತ್ತೇನೆ.

ನಾನು ಹೆಚ್ಚು ಓದಿದವನಲ್ಲ. ಮೆಟ್ರಿಕ್ ಪಾಸು ಮಾಡಿ, ಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಕೆಲವು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು, ಆಮೇಲೆ ಪಕ್ಷದ ಕೆಲಸಕ್ಕೆ ಬಂದವನು. ಕೆಲಸ ಬಿಟ್ಟರೂ ಮೇಷ್ಟ್ರು ಎಂಬ ಹೆಸರು ಹೋಗಲಿಲ್ಲ. ಊರಿನವರು ಕಾಗದಪತ್ರ ಓದಿಸಿಕೊಳ್ಳಲು ಬರುವುದೂ ನಿಲ್ಲಲಿಲ್ಲ. 2024ರ ಡಿಸೆಂಬರಿನಲ್ಲಿ ಒಂದು ಸಂಜೆ ಆ ತಾಯಿ ಬ್ಯಾಂಕಿನ ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಅವರ ಯಜಮಾನರು ಲಾರಿ ಅಪಘಾತದಲ್ಲಿ ತೀರಿಕೊಂಡಿದ್ದರು. ಪರಿಹಾರವಾಗಿ ಬಂದದ್ದರಲ್ಲಿ 9 ಲಕ್ಷ ರೂಪಾಯಿಯನ್ನು ಮಕ್ಕಳ ಸಲುವಾಗಿ ಠೇವಣಿ ಇಟ್ಟಿದ್ದರು. ವರ್ಷಕ್ಕೆ 54,000 ರೂಪಾಯಿ ಬಡ್ಡಿ. ಬಡ್ಡಿ, ಅಡುಗೆ ಕೆಲಸದ ಸಂಭಾವನೆ, ಇವೆರಡೇ ಅವರ ಸಂಸಾರದ ಆಧಾರ.

"ಮೇಷ್ಟ್ರೇ, ಬ್ಯಾಂಕಿನವರು ವರ್ಷವರ್ಷವೂ ನನ್ನ ಬಡ್ಡೀಲಿ ಐದು ಸಾವಿರದ ಮೇಲೆ ಹಿಡೀತಾರೆ. ಪುಸ್ತಕದ ಖರ್ಚು ಅಂತ ಸುಮ್ಮನಿದ್ದೆ. ಈಗ ಮಗಳ ಫೀಜು ಕಟ್ಟಬೇಕು. ಅಷ್ಟೊಂದು ಖರ್ಚು ಇರ್ತದಾ, ನೋಡಿ ಹೇಳಿ" ಎಂದರು.

ಪುಸ್ತಕ ನೋಡಿದೆ. ಆ ಮೊತ್ತದ ಎದುರಿಗೆ ಟಿ.ಡಿ.ಎಸ್. ಎಂಬ ಮೂರು ಅಕ್ಷರ ಇದ್ದವು. ವರ್ಷಕ್ಕೆ 5,400 ರೂಪಾಯಿ. ಬ್ಯಾಂಕು ತನಗಾಗಿ ಹಿಡಿದ ಖರ್ಚು ಅದಾಗಿರಲಿಲ್ಲ. ಅದು ಬಡ್ಡಿಯ ಮೇಲೆ ಶೇಕಡಾ 10ರಂತೆ ಮುರಿದು ಕೇಂದ್ರ ಸರ್ಕಾರದ ಬೊಕ್ಕಸಕ್ಕೆ ಕಳುಹಿಸಿದ ವರಮಾನ ತೆರಿಗೆ. ತೆರಿಗೆ ಕೊಡಬೇಕಾದಷ್ಟು ವರಮಾನ ಆ ತಾಯಿಗೆ ಇರಲೇ ಇಲ್ಲ. ಅವರು ಕೊಡಬೇಕಾದದ್ದು ಸೊನ್ನೆ. ಅವರಿಂದ ಹೋದದ್ದು 5,400. ಆ ಹಣ ಅವರದೇ. ಆದರೆ ಅದು ತಾನಾಗಿ ಹಿಂದಕ್ಕೆ ಬರುವುದಿಲ್ಲ. ರಿಟರ್ನು ಎಂಬ ವಿವರಪಟ್ಟಿಯನ್ನು ಸಲ್ಲಿಸಿ, "ನನ್ನ ವರಮಾನ ಇಷ್ಟು, ನನ್ನ ತೆರಿಗೆ ಸೊನ್ನೆ, ನನ್ನಿಂದ ಹಿಡಿದದ್ದನ್ನು ಕೊಡಿ" ಎಂದು ಕೇಳಿದರೆ ಮಾತ್ರ ಬರುತ್ತದೆ.

ಸಂಗಾತಿಗಳೇ, ನಾನು ಈ ದಿನ ಹೇಳಬೇಕೆಂದಿರುವುದೆಲ್ಲ ಇಷ್ಟರಲ್ಲೇ ಅಡಗಿದೆ. ಹಿಡಿಯುವಾಗ ಯಾರೂ ನಮ್ಮನ್ನು ಕೇಳುವುದಿಲ್ಲ. ಹಿಂದಕ್ಕೆ ಪಡೆಯಬೇಕಾದರೆ ನಾವೇ ಬರೆದು ಕೇಳಬೇಕು. ಬರೆಯಲು ಬಲ್ಲವನು ಕೇಳಿ ಪಡೆಯುತ್ತಾನೆ; ಬಾರದವನು ಕಳೆದುಕೊಳ್ಳುತ್ತಾನೆ. ಆದಕಾರಣ ಬರೆಯಲು ಬಲ್ಲವರು ಬಾರದವರ ಪಕ್ಕದಲ್ಲಿ, ಒಂದು ಕಾಸೂ ಮುಟ್ಟದೆ, ಕೂರಬೇಕು. ಹಾಗೆ ಕೂರುವುದು ಹೇಗೆ, ಅವರ ಹತ್ತಿರ ನೀವು ಹೋಗುವಾಗ ಹೇಗೆ ಹೋಗಬೇಕು ಎಂಬುದೇ ಈ ಭಾಷಣ.

ನಮ್ಮಲ್ಲಿ ಯಾರಿಂದ ಹೀಗೆ ಹಣ ಮುರಿಯುತ್ತಾರೆ ಎಂಬುದನ್ನು ಮೊದಲು ತಿಳಿಯೋಣ. ಠೇವಣಿದಾರರ ವಿಷಯ ಹೇಳಿದೆ. 2025ರ ಮಾರ್ಚಿನವರೆಗೆ ಬ್ಯಾಂಕಿನ ಬಡ್ಡಿ ವರ್ಷಕ್ಕೆ 40,000 ರೂಪಾಯಿ ದಾಟಿದರೆ ಹಿಡಿಯುತ್ತಿದ್ದರು. 2025ರ ಏಪ್ರಿಲ್ 1ರಿಂದ ಆ ಮಿತಿಯನ್ನು 50,000ಕ್ಕೆ, ಅರವತ್ತು ದಾಟಿದವರಿಗೆ 1 ಲಕ್ಷಕ್ಕೆ ಏರಿಸಿದರು. ಗಾರೆ ಕೆಲಸದ ತುಂಡು ಗುತ್ತಿಗೆ ಹಿಡಿಯುವ ಮೇಸ್ತ್ರಿಗೆ ಕಂಪನಿಯವರು ಹಣ ಕೊಡುವಾಗ ಶೇಕಡಾ 1 ಮುರಿಯುತ್ತಾರೆ. ವರ್ಷಕ್ಕೆ 6 ಲಕ್ಷದ ಬಿಲ್ಲಾದರೆ 6,000 ರೂಪಾಯಿ ಹೋಯಿತು. ಆ 6 ಲಕ್ಷದಲ್ಲಿ ಬಹುಪಾಲು ಆಳುಗಳ ಕೂಲಿ. ಮೇಸ್ತ್ರಿಯ ಕೈಯಲ್ಲಿ ಉಳಿದದ್ದೆಷ್ಟು ಎಂದು ಮುರಿಯುವವರು ಕೇಳುವುದಿಲ್ಲ. ಗಾರ್ಮೆಂಟ್ಸ್ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ನಮ್ಮ ಹುಡುಗಿಯರು ಐದು ವರ್ಷ ತುಂಬುವ ಮೊದಲೇ ಊರಿಗೆ ಬಂದು ಪಿ.ಎಫ್. ಹಣ ತೆಗೆದರೆ, ಮೊತ್ತ 50,000 ರೂಪಾಯಿಗೆ ಮುಟ್ಟಿದ್ದಲ್ಲಿ ಅದರಲ್ಲಿ ಶೇಕಡಾ 10 ಹಿಡಿಯುತ್ತಾರೆ. ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೆ ಕೆಲವು ಕಡೆ ಸಂಬಳವೆಂದು ಬರೆಯದೆ ವೃತ್ತಿ ಶುಲ್ಕವೆಂದು ಬರೆದು, ಅದರಲ್ಲೂ ಶೇಕಡಾ 10 ಮುರಿಯುವುದುಂಟು.

ಇವರಲ್ಲಿ ಬಹುಮಂದಿ ತೆರಿಗೆಗೆ ಒಳಪಡುವವರೇ ಅಲ್ಲ. 2025-26ನೇ ಸಾಲಿನ ವರಮಾನಕ್ಕೆ ಹೊಸ ಪದ್ಧತಿಯ ಪ್ರಕಾರ ಮೊದಲ 4 ಲಕ್ಷ ರೂಪಾಯಿಗೆ ತೆರಿಗೆಯಿಲ್ಲ. ಸಂಬಳ, ಬಡ್ಡಿ, ಸಣ್ಣ ವ್ಯಾಪಾರದಂಥ ಸಾಮಾನ್ಯ ವರಮಾನ 12 ಲಕ್ಷದೊಳಗಿದ್ದರೆ ರಿಯಾಯಿತಿ ಕಳೆದು ಕೊಡಬೇಕಾದ ತೆರಿಗೆ ಸೊನ್ನೆಯೇ ಆಗುತ್ತದೆ. ಆದರೆ ಒಂದು ಎಚ್ಚರ ಬೇಕು. ತೆರಿಗೆ ಸೊನ್ನೆಯಾದರೂ ವರಮಾನ 4 ಲಕ್ಷ ದಾಟಿದವರು ರಿಟರ್ನು ಸಲ್ಲಿಸಲೇಬೇಕು. ಅದಕ್ಕಿಂತ ಕಡಮೆ ಇದ್ದು ಹಣ ಮುರಿದಿದ್ದರೆ, ತಮ್ಮ ಹಣಕ್ಕಾಗಿ ತಾವೇ ಸಲ್ಲಿಸಬೇಕು.

ಈ ದೇಶದಲ್ಲಿ ವರಮಾನ ತೆರಿಗೆ ಬಂದದ್ದು 1860ರಲ್ಲಿ, ಸಿಪಾಯಿ ದಂಗೆಯಿಂದ ಬರಿದಾದ ಬೊಕ್ಕಸವನ್ನು ತುಂಬಿಸಿಕೊಳ್ಳಲು ಆಂಗ್ಲ ಸರ್ಕಾರ ತಂದದ್ದು. ಆಮೇಲೆ 1922ರ ಕಾನೂನಾಯಿತು, 1961ರ ಕಾನೂನಾಯಿತು. 2025ರಲ್ಲಿ ಪಾರ್ಲಿಮೆಂಟು ಮತ್ತೊಂದು ಹೊಸ ಕಾನೂನನ್ನು ಅಂಗೀಕರಿಸಿ 2026ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಕಾನೂನು ಬದಲಾದಾಗಲೆಲ್ಲ ಕಲಮುಗಳ ಅಂಕಿ ಬದಲಾಗುತ್ತದೆ, ಪತ್ರಗಳ ಹೆಸರು ಬದಲಾಗುತ್ತದೆ. ತೆರಿಗೆ ಕೊಡುವವನಿಗೆ ಓದು ಬರಹ ಗೊತ್ತು, ಅಥವಾ ಗೊತ್ತಿದ್ದವನನ್ನು ಇಟ್ಟುಕೊಳ್ಳುವ ಶಕ್ತಿಯಿದೆ ಎಂಬ ನಂಬಿಕೆ ಮಾತ್ರ ಬದಲಾಗಲಿಲ್ಲ. ಸಾಹುಕಾರನ ವಿಷಯದಲ್ಲಿ ಅದು ನಿಜ. ಬಿಸಿಯೂಟದ ತಾಯಿಯ ವಿಷಯದಲ್ಲಿ ಅದು ನಿಜವಲ್ಲ.

ಈ ನಂಬಿಕೆಗೂ ವಸ್ತುಸ್ಥಿತಿಗೂ ನಡುವೆ ಇರುವ ಕಂದಕದಲ್ಲಿ ದಳ್ಳಾಳಿ ಬಂದು ನಿಲ್ಲುತ್ತಾನೆ. ಪ್ರಾಮಾಣಿಕರಾದ ಆಡಿಟರುಗಳ ಮೇಲೆ ನನ್ನ ದೂರಿಲ್ಲ. ದುಡಿದು ಕೂಲಿ ಪಡೆಯುವುದು ಅವರ ಹಕ್ಕು. ನಾನು ಹೇಳುವುದು, "ಬಂದ ಹಣದಲ್ಲಿ ಅರ್ಧ ನನಗೆ" ಎನ್ನುವವನ ಮಾತನ್ನು. ಅವನು ಅಷ್ಟಕ್ಕೇ ನಿಲ್ಲುವುದಿಲ್ಲ. ಮುರಿದದ್ದಕ್ಕಿಂತ ಹೆಚ್ಚು ತರಿಸಿಕೊಡುತ್ತೇನೆಂದು ಆಸೆ ಹುಟ್ಟಿಸಿ, ಇಲ್ಲದ ಮನೆಬಾಡಿಗೆ, ಕೊಡದ ದಾನ, ಕಟ್ಟದ ವಿಮೆ, ಇವನ್ನೆಲ್ಲ ರಿಟರ್ನಿನಲ್ಲಿ ಬರೆಯುತ್ತಾನೆ. ಬರೆಯುವವನು ಅವನು; ಹೆಸರು ನಮ್ಮದು. 2025ರ ಜುಲೈಯಲ್ಲಿ ಇಂಥ ಸುಳ್ಳು ವಜಾಗಳನ್ನು ಬರೆಯಿಸುವವರ ಮೇಲೆ ತೆರಿಗೆ ಇಲಾಖೆ ದೇಶಾದ್ಯಂತ ತಪಾಸಣೆ ನಡೆಸಿತು. ವರಮಾನವನ್ನು ಸುಳ್ಳಾಗಿ ತೋರಿಸಿದರೆ ತಪ್ಪಿಸಿದ ತೆರಿಗೆಯ ಎರಡರಷ್ಟು ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಆ ನೋಟೀಸು ಬರುವ ಹೊತ್ತಿಗೆ ದಳ್ಳಾಳಿ ತನ್ನ ಅರ್ಧವನ್ನು ತೆಗೆದುಕೊಂಡು ಬೇರೆ ಊರಿಗೆ ಹೋಗಿರುತ್ತಾನೆ.

ಹಾಗಾದರೆ ಬಡವನಿಗೆ ಪುಕ್ಕಟೆಯಾಗಿ, ನೇರ್ಪಾಗಿ ರಿಟರ್ನು ಬರೆದುಕೊಡುವ ಏರ್ಪಾಡು ಲೋಕದಲ್ಲಿ ಎಲ್ಲಾದರೂ ಉಂಟೇ? ಉಂಟು. ಬಂಡವಾಳಶಾಹಿಯ ತವರೆಂದು ನಾವು ಕರೆಯುವ ಅಮೆರಿಕೆಯಲ್ಲೇ ಉಂಟು. ಒಳ್ಳೆಯದನ್ನು ಯಾರಿಂದಲಾದರೂ ಕಲಿಯಬೇಕು. ಅಲ್ಲಿ 1969ರಿಂದ ಸ್ವಯಂಸೇವಕರ ವರಮಾನ ತೆರಿಗೆ ನೆರವು ಎಂಬ ಕಾರ್ಯಕ್ರಮ ನಡೆದುಬಂದಿದೆ. ವಾಚನಾಲಯ, ಶಾಲೆ, ಚರ್ಚು, ಸಮುದಾಯ ಭವನ, ಇಂಥ ಕಡೆ ಮೇಜು ಹಾಕಿಕೊಂಡು ವಿದ್ಯಾರ್ಥಿಗಳು, ನಿವೃತ್ತರು, ಗುಮಾಸ್ತರು ಕೂರುತ್ತಾರೆ. 2025ರಲ್ಲಿ ವರ್ಷಕ್ಕೆ ಸುಮಾರು 67,000 ಡಾಲರಿನೊಳಗೆ ದುಡಿಯುವವರು, ಅಂಗವಿಕಲರು, ಇಂಗ್ಲಿಷ್ ಚೆನ್ನಾಗಿ ಬಾರದವರು ಅಲ್ಲಿಗೆ ಹೋಗಿ ಹಣ ಕೊಡದೆ ರಿಟರ್ನು ಬರೆಸಿಕೊಳ್ಳಬಹುದಾಗಿತ್ತು. ಮುದುಕರಿಗಾಗಿ 1978ರ ಕಾನೂನಿನ ಮೂಲಕ ಇನ್ನೊಂದು ಏರ್ಪಾಡನ್ನು ಮಾಡಿದರು. ಪಕ್ಕದ ಕೆನಡಾದಲ್ಲಿಯೂ ಇಂಥದೇ ಕಾರ್ಯಕ್ರಮ 1971ರಿಂದ ನಡೆದಿದೆ.

ಅಮೆರಿಕೆಯಲ್ಲಿ ಇದರ ಅಗತ್ಯ ನಮಗಿಂತ ಹೆಚ್ಚು. ಅಲ್ಲಿ ಕಡಮೆ ಕೂಲಿಯ ದುಡಿಮೆಗಾರರಿಗೆ ಸರ್ಕಾರವೇ ತೆರಿಗೆಯ ಲೆಕ್ಕದ ಮೂಲಕ ಹಣ ಕೊಡುವ ಒಂದು ಸೌಲಭ್ಯ 1975ರಿಂದ ಇದೆ. ಅದೂ ರಿಟರ್ನು ಕೊಟ್ಟವರಿಗೆ ಮಾತ್ರ. ಕೊಡದವರಿಗೆ ಇಲ್ಲ. ಆದುದರಿಂದ ಅಲ್ಲಿ ಮೇಜಿನ ಹಿಂದೆ ಕೂತ ಒಬ್ಬ ವಿದ್ಯಾರ್ಥಿ ಒಂದು ಸಂಸಾರದ ಹಲವು ತಿಂಗಳ ಬಾಡಿಗೆಯನ್ನು ದೊರಕಿಸಿಕೊಡಬಲ್ಲ.

ಅಲ್ಲಿಯವರ ನಿಯಮಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದವು ನಾಲ್ಕು. ಒಂದು, ಸ್ವಯಂಸೇವಕನು ತರಬೇತಿ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ಮೇಜಿಗೆ ಕೂರಬೇಕು. ಒಳ್ಳೆಯ ಮನಸ್ಸಿದ್ದರೆ ಸಾಲದು. ಎರಡು, ಪತ್ರ ತುಂಬುವುದಕ್ಕೆ ಮುಂಚೆ ಬಂದವರನ್ನು ಕೂರಿಸಿ, ಸಂಸಾರ ಎಷ್ಟು ಜನ, ಕೆಲಸ ಏನು, ಬೇರೆ ವರಮಾನ ಏನು ಎಂದು ಪ್ರಶ್ನೆಪಟ್ಟಿಯ ಪ್ರಕಾರ ಕೇಳಬೇಕು. ಮೂರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮೊದಲಿನಿಂದ ಕೊನೆಯವರೆಗೆ ಪರೀಕ್ಷಿಸಿದ ಮೇಲೆಯೇ ಕಳುಹಿಸಬೇಕು. ನಾಲ್ಕು, ಸ್ವಯಂಸೇವಕನು ಶುಲ್ಕ ಪಡೆಯಕೂಡದು. ಕೆಲಸಕ್ಕೆ ಪ್ರತಿಯಾಗಿ ಕಾಣಿಕೆಯನ್ನೂ ಮುಟ್ಟಕೂಡದು.

ನಮ್ಮ ಕೇಂದ್ರ ಸರ್ಕಾರವೂ ಸುಮ್ಮನಿರಲಿಲ್ಲವೆಂದು ನ್ಯಾಯವಾಗಿ ಹೇಳಬೇಕು. 2006ರಲ್ಲಿ ಪದವೀಧರ ತರುಣರಿಗೆ ತರಬೇತಿ ಕೊಟ್ಟು ಸಣ್ಣ ತೆರಿಗೆದಾರರ ರಿಟರ್ನು ಬರೆಯಿಸುವ ಯೋಜನೆಯೊಂದನ್ನು ತಂದಿತು. ಆದರೆ ಅದು ಅಲ್ಪ ಶುಲ್ಕದ ಏರ್ಪಾಡು, ಪುಕ್ಕಟೆಯದಲ್ಲ. ತೆರಿಗೆ ಕಚೇರಿಗಳಲ್ಲಿ ಆಯಕರ ಸೇವಾ ಕೇಂದ್ರ ಎಂಬ ವಿಚಾರಣೆಯ ಕಿಟಕಿಯೂ ಇದೆ. ಆದರೆ ಹಳ್ಳಿಯಿಂದ ಅಲ್ಲಿಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕು. ಇನ್ನು ಇಲಾಖೆಯ ಜಾಲತಾಣದಲ್ಲಿ ರಿಟರ್ನು ಸಲ್ಲಿಸುವುದಕ್ಕೆ ಸರ್ಕಾರ ಒಂದು ಪೈಸೆಯನ್ನೂ ಕೇಳುವುದಿಲ್ಲ. ಇದನ್ನು ಎಲ್ಲರೂ ಮನಸ್ಸಿನಲ್ಲಿಡಬೇಕು. ಸೈಬರ್ ಸೆಂಟರಿನಲ್ಲಿ ಕೊಡುವ ಹಣ ಅಲ್ಲಿ ಕೂತವನ ಕೂಲಿಯೇ ಹೊರತು ಸರ್ಕಾರದ ಫೀಜಲ್ಲ. ಇಡೀ ದೇಶದ ರಿಟರ್ನುಗಳನ್ನು ಪರಿಶೀಲಿಸುವ ಕೇಂದ್ರ ಇರುವುದೂ ನಮ್ಮ ಬೆಂಗಳೂರಿನಲ್ಲೇ. ದೆಹಲಿಯವನ ಲೆಕ್ಕವೂ ಬೆಂಗಳೂರಿಗೆ ಬಂದು ಇತ್ಯರ್ಥವಾಗುವಾಗ, ಬೆಂಗಳೂರಿಗೆ ರಾತ್ರಿಯ ಬಸ್ಸು ಹತ್ತುವ ನಮ್ಮೂರಿನವರ ಲೆಕ್ಕ ಏಕೆ ಅಲ್ಲಿಗೆ ಮುಟ್ಟಬಾರದು?

ಈಗ ನಮ್ಮ ಕೆಲಸಕ್ಕೆ ಬರೋಣ. ಸಂಘದ ಕೋಣೆಯಲ್ಲಿ ಭಾನುವಾರಗಳಂದು ಒಂದು ಮೇಜು ಹಾಕುವುದೆಂದು ನನ್ನ ಸೂಚನೆ. ಕಾಲ ಜೂನ್ ತಿಂಗಳ ಮಧ್ಯದಿಂದ ಜುಲೈ ಕೊನೆಯವರೆಗೆ. ಅದಕ್ಕಿಂತ ಮುಂಚೆ ಏಕೆ ಬೇಡವೆಂದರೆ, ಹಣ ಮುರಿದವರು ಕೊನೆಯ ಮೂರು ತಿಂಗಳ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸಲು ಮೇ 31ರವರೆಗೆ ಸಮಯವಿರುತ್ತದೆ. ಆಮೇಲೆಯೇ ನಮ್ಮ ಹೆಸರಿನ ಎದುರು ಪೂರ್ತಿ ಮೊತ್ತ ಕಾಣಿಸುತ್ತದೆ. ಸಂಬಳದವರಿಗೆ ಸಾಮಾನ್ಯವಾಗಿ ಕೊನೆಯ ದಿನ ಜುಲೈ 31. ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾಗಿ ಸಲ್ಲಿಸಬಹುದು. ಆಗ ರಿಟರ್ನು ಕೊಡಲೇಬೇಕಾದವರಿಗೆ ವರಮಾನ 5 ಲಕ್ಷದೊಳಗಿದ್ದರೆ 1,000, ಮೀರಿದ್ದರೆ 5,000 ರೂಪಾಯಿ ತಡದ ಶುಲ್ಕ ಬೀಳುತ್ತದೆ.

ಮೇಜಿಗೆ ಬರುವವರು ತರಬೇಕಾದದ್ದು ಇವು: ಪ್ಯಾನ್ ಕಾರ್ಡು, ಅದರೊಂದಿಗೆ ಜೋಡಣೆಯಾದ ಆಧಾರ್, ಆಧಾರಿಗೆ ಕೊಟ್ಟಿರುವ ಸಂಖ್ಯೆಯ ಮೊಬೈಲು, ಸ್ವಂತ ಹೆಸರಿನ ಬ್ಯಾಂಕ್ ಪಾಸ್‌ಬುಕ್ಕು, ಮಾಲೀಕರು ಅಥವಾ ಬ್ಯಾಂಕಿನವರು ಕೊಟ್ಟ ಟಿ.ಡಿ.ಎಸ್. ಪತ್ರ. ಮೊಬೈಲನ್ನು ಮಗನ ಕೈಯಲ್ಲಿ ಬಿಟ್ಟು ಬಂದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಒ.ಟಿ.ಪಿ. ಬರುವುದು ಅದಕ್ಕೇ. ಕಾಗದ ಯಾವುದು ಬೇಕು, ಯಾವುದು ಬೇಡ ಎಂದು ತಿಳಿಯದಿದ್ದರೆ ಮನೆಯಲ್ಲಿರುವುದನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ. ಆರಿಸುವ ಕೆಲಸ ನಮಗಿರಲಿ.

ಮೇಜಿಗೆ ಕೂರುವವರಿಗೆ ನನ್ನ ಅರಿಕೆಯೂ ಅಷ್ಟೇ ಕಟ್ಟುನಿಟ್ಟಿನದು. ಬಂದವರ ಪಾಸ್‌ವರ್ಡನ್ನು ನಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಕೂಡದು. ಒ.ಟಿ.ಪಿ.ಯನ್ನು ಅವರೇ ನೋಡಿ ಅವರೇ ಒತ್ತಬೇಕು. ಓದಲು ಬಾರದಿದ್ದರೆ ಅವರ ಎದುರಿನಲ್ಲೇ, ಇದು ಯಾತಕ್ಕೆಂದು ಹೇಳಿ ಒತ್ತಬೇಕು. ಹಣ ಬರಬೇಕಾದ ಖಾತೆ ಅವರದೇ ಆಗಿರಬೇಕು. ಬರೆದು ಮುಗಿದ ಮೇಲೆ ವರಮಾನ ಇಷ್ಟು, ತೆರಿಗೆ ಇಷ್ಟು, ಹಿಡಿದದ್ದು ಇಷ್ಟು, ಬರಬೇಕಾದದ್ದು ಇಷ್ಟು ಎಂದು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿ, ಅವರು ಹೂಂ ಎಂದ ಮೇಲೆಯೇ ಕಳುಹಿಸಬೇಕು. ಕಳುಹಿಸಿದ ಮೇಲೆ ಮೂವತ್ತು ದಿನದೊಳಗೆ ಅದನ್ನು ದೃಢೀಕರಿಸದಿದ್ದರೆ ಸಕಾಲದಲ್ಲಿ ಕಳುಹಿಸಿದ್ದಕ್ಕೆ ಬೆಲೆಯಿರುವುದಿಲ್ಲ. ಆದ್ದರಿಂದ ಆಧಾರಿನ ಒ.ಟಿ.ಪಿ. ಮೂಲಕ ಅಲ್ಲೇ ದೃಢೀಕರಿಸಿ, ಸ್ವೀಕೃತಿಯ ಒಂದು ಪ್ರತಿಯನ್ನು ಅವರ ಕೈಗೆ ಕೊಡಬೇಕು.

ಇಬ್ಬರು ನೋಡಬೇಕೆಂಬ ನಿಯಮವನ್ನು ಏಕೆ ಒತ್ತಿ ಹೇಳುತ್ತೇನೆಂದರೆ, ನಾನೇ ಒಮ್ಮೆ ಎಡವಿದ್ದೇನೆ. ಪ್ರಾಥಮಿಕ ಶಾಲೆಯ ಉಪಾಧ್ಯಾಯರೊಬ್ಬರಿಗೆ ಸಹಜ್ ಎಂಬ ಸುಲಭದ ಪತ್ರವನ್ನು ತುಂಬಿದೆ. ಸಂಬಳ ಕೇಳಿದೆ, ಬಡ್ಡಿ ಕೇಳಿದೆ, ತೋಟ ಕೇಳಲಿಲ್ಲ. ಅವರಿಗೆ ಅರ್ಧ ಎಕರೆ ಅಡಿಕೆಯಿತ್ತು. ವ್ಯವಸಾಯದ ವರಮಾನಕ್ಕೆ ಕೇಂದ್ರದ ತೆರಿಗೆಯಿಲ್ಲ, ಅದನ್ನು ಹೇಳಬೇಕಾಗಿಲ್ಲವೆಂದು ಅವರೂ ಸುಮ್ಮನಿದ್ದರು. ಆದರೆ ವ್ಯವಸಾಯದ ವರಮಾನ 5,000 ರೂಪಾಯಿ ಮೀರಿದರೆ ಸಹಜ್ ಪತ್ರ ನಡೆಯುವುದಿಲ್ಲ. ಬೇರೆ ಪತ್ರದಲ್ಲಿ ಅದನ್ನು ತೋರಿಸಬೇಕು. ದೊಡ್ಡ ಸಂಬಳದವರಿಗೆ ಅದು ತೆರಿಗೆಯ ದರದ ಲೆಕ್ಕಕ್ಕೂ ಬರುತ್ತದೆ. ನನ್ನ ಪಕ್ಕದಲ್ಲಿದ್ದ ಬಿ.ಕಾಂ. ವಿದ್ಯಾರ್ಥಿನಿ, "ಸರ್, ಇವರ ಪಂಚೆಗೆ ಅಡಿಕೆ ಚೊಗರಿನ ಕಲೆ ಇದೆಯಲ್ಲ, ತೋಟ ಇದೆಯಾ ಕೇಳಿದಿರಾ?" ಎಂದಳು. ಆಗ ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಕಳುಹಿಸುವ ಮುಂಚೆ ತಿದ್ದಿದೆವು. ಅಂದಿನಿಂದ ನಮ್ಮ ಪ್ರಶ್ನೆಪಟ್ಟಿಯ ಮೊದಲ ಪ್ರಶ್ನೆ ಜಮೀನಿನದು.

ಈ ಮೇಜಿನಿಂದ ಆಗದ ಕೆಲಸವೂ ಇದೆ. ಜಮೀನು ಅಥವಾ ಮನೆ ಮಾರಿದವರು, ಷೇರು ವ್ಯವಹಾರದವರು, ದೊಡ್ಡ ವ್ಯಾಪಾರದವರು ಬಂದರೆ ಕೈಮುಗಿದು ಒಳ್ಳೆಯ ಆಡಿಟರ ಹತ್ತಿರ ಕಳುಹಿಸಿಬಿಡೋಣ. ತಿಳಿಯದ್ದನ್ನು ಪುಕ್ಕಟೆಯಾಗಿ ಮಾಡಿದರೂ ಅದು ಅಪಕಾರವೇ. ಸುಳ್ಳು ವಜಾ ಬರೆಯಿರಿ ಎಂದು ನಮ್ಮವರೇ ಕೇಳಿದರೂ ಆಗುವುದಿಲ್ಲವೆನ್ನಬೇಕು. "ಸಾಹುಕಾರರು ತಪ್ಪಿಸುವುದಿಲ್ಲವೇ?" ಎಂದು ಕೇಳಿಯಾರು. ಸಾಹುಕಾರನು ತಪ್ಪಿಸುವುದನ್ನು ಸಭೆಯಲ್ಲಿ ಖಂಡಿಸುವ ನಾವು ನಮ್ಮ ಮೇಜಿನ ಮೇಲೆ ಅದನ್ನೇ ಮಾಡಿದರೆ ಯಾವ ಮುಖವಿಟ್ಟುಕೊಂಡು ಮಾತನಾಡೋಣ? ಆ ತೆರಿಗೆಯ ಹಣದಿಂದಲೇ ಶಾಲೆಗೂ ಆಸ್ಪತ್ರೆಗೂ ಪಾಲು ಬರಬೇಕು. ಕೊಡಬೇಕಾದದ್ದನ್ನು ಕೊಡೋಣ, ಬರಬೇಕಾದದ್ದನ್ನು ಬಿಡಬೇಡೋಣ.

ಮತ್ತೊಂದು ಸಂಗತಿ. ಕೆಲವು ವೇಳೆ ಗುತ್ತಿಗೆದಾರನು ಕೂಲಿಯಲ್ಲಿ ತೆರಿಗೆಯೆಂದು ಮುರಿದಿರುತ್ತಾನೆ, ಸರ್ಕಾರಕ್ಕೆ ಕಟ್ಟಿರುವುದಿಲ್ಲ. ಆಗ ಇಲಾಖೆಯ ಲೆಕ್ಕದಲ್ಲಿ ನಮ್ಮ ಹೆಸರಿನ ಎದುರು ಏನೂ ಇರುವುದಿಲ್ಲ, ಹಣವೂ ಬರುವುದಿಲ್ಲ. ಮುರಿದ ತೆರಿಗೆಯನ್ನು ಕೂಲಿಯವನಿಂದ ಎರಡನೆಯ ಸಲ ಕೇಳಕೂಡದೆಂದು ಕಾನೂನು ಹೇಳುತ್ತದೆ. ಆದರೆ ಮುರಿದದ್ದಕ್ಕೆ ಕೂಲಿಯವನ ಕೈಯಲ್ಲಿ ಪುರಾವೆ ಬೇಕು. ಆದುದರಿಂದ ಹಣ ಕೊಡುವಾಗ ಎಷ್ಟು ಮುರಿದರೆಂಬ ಚೀಟಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಿ. ಇಂಥ ಪ್ರಸಂಗದಲ್ಲಿ ಗುತ್ತಿಗೆದಾರನಿಗೆ ಬರಹದಲ್ಲಿ ಕಾಗದ ಬರೆಯುವುದು ಮೇಜಿನ ಕೆಲಸ. ಅಲ್ಲಿಂದ ಮುಂದಿನದು ಸಂಘದ ಕೆಲಸ.

ಮುರಿಯುವುದನ್ನೇ ತಡೆಯುವ ಮಾರ್ಗವೂ ಇದೆ. ಬಡ್ಡಿಯ ವಿಷಯದಲ್ಲಿ, ನನ್ನ ವರಮಾನ ತೆರಿಗೆಗೆ ಒಳಪಡುವುದಿಲ್ಲವೆಂದು ವರ್ಷದ ಆರಂಭದಲ್ಲೇ ಬ್ಯಾಂಕಿಗೆ ಒಂದು ಘೋಷಣೆ ಬರೆದುಕೊಡಬಹುದು. 1961ರ ಕಾನೂನಿನಲ್ಲಿ ಅದಕ್ಕೆ 15-ಜಿ ಎಂದೂ, ಅರವತ್ತು ದಾಟಿದವರದಕ್ಕೆ 15-ಎಚ್ ಎಂದೂ ಹೆಸರಿತ್ತು. ಕಾನೂನು ಬದಲಾಗಿ ಅಂಕಿ ಬದಲಾದರೂ ಕೇಳಬೇಕಾದ ಮಾತು ಒಂದೇ: "ಬಡ್ಡಿಗೆ ತೆರಿಗೆ ಹಿಡಿಯಬೇಡಿ ಎಂಬ ಘೋಷಣೆಯ ಪತ್ರ ಕೊಡಿ." ಪ್ರತಿ ವರ್ಷವೂ ಏಪ್ರಿಲಿನಲ್ಲಿ ಕೊಡಬೇಕು, ಒಮ್ಮೆ ಕೊಟ್ಟದ್ದು ಮುಂದಿನ ವರ್ಷಕ್ಕೆ ನಡೆಯುವುದಿಲ್ಲ. ನಿಜವಾಗಿ ತೆರಿಗೆಯಿಲ್ಲದವರು ಮಾತ್ರ ಕೊಡಬೇಕು. ಆ ಒಂದು ಹಾಳೆಯ ವಿಷಯ ಹೇಳುವವರಿಲ್ಲದೆ ಆ ತಾಯಿ ವರ್ಷಕ್ಕೆ 5,400 ಕಳೆದುಕೊಂಡರು.

ಕೊನೆಯದಾಗಿ ನಮ್ಮವರಿಗೇ ಒಂದು ಮಾತು. ಮೇಜಿನ ಮೇಲೆ ಬಾವುಟ ಬೇಡ. ಪಕ್ಕದಲ್ಲಿ ಸದಸ್ಯತ್ವದ ರಶೀತಿ ಪುಸ್ತಕವೂ ಬೇಡ. ಬಂದವರು ಯಾವ ಪಕ್ಷ, ಯಾವ ಜಾತಿ, ಕಳೆದ ಚುನಾವಣೆಯಲ್ಲಿ ಯಾರಿಗೆ ವೋಟು ಹಾಕಿದರು ಎಂದು ಕೇಳಕೂಡದು. ಇದನ್ನು ನಾನು ಹಿಂದೊಮ್ಮೆ ಹೇಳಿದಾಗ, "ಹಾಗಾದರೆ ಪಕ್ಷಕ್ಕೆ ಲಾಭವೇನು?" ಎಂದು ಹಿರಿಯರೊಬ್ಬರು ಕೇಳಿದರು. ನನ್ನ ಉತ್ತರ ಇಷ್ಟೇ: ತನ್ನ ವರಮಾನ, ತನ್ನ ಸಾಲ, ತನ್ನ ಪಾಸ್‌ಬುಕ್ಕು, ಇವನ್ನು ಒಬ್ಬ ಬಡವಿ ನಮ್ಮ ಎದುರಿಗೆ ಬಿಚ್ಚಿಡುತ್ತಾಳೆ. ಆ ಹೊತ್ತಿನಲ್ಲಿ ಅವಳಿಂದ ಬೇರೇನನ್ನು ಕೇಳಿದರೂ ಅದು ಶುಲ್ಕವೇ. ದಳ್ಳಾಳಿ ರೂಪಾಯಿಯಲ್ಲಿ ಕೇಳಿದ್ದನ್ನು ನಾವು ವೋಟಿನಲ್ಲಿ ಕೇಳಿದಂತಾಯಿತು.

ಆ ತಾಯಿಯ ಲೆಕ್ಕ ಏನಾಯಿತೆಂದು ನೀವು ಕೇಳುತ್ತೀರಿ. 2023-24ರ ರಿಟರ್ನನ್ನು 2024ರ ಡಿಸೆಂಬರಿನ ಕೊನೆಯ ವಾರದಲ್ಲಿ ಸಲ್ಲಿಸಿದೆವು. ಅವರ ವರಮಾನ ಮಿತಿಯೊಳಗಿದ್ದುದರಿಂದ ತಡದ ಶುಲ್ಕ ಬೀಳಲಿಲ್ಲ. 5,400 ಅವರ ಖಾತೆಗೆ ಬಂತು, ಮಗಳ ಫೀಜಿಗೆ ಹೋಯಿತು. 2024-25ರದನ್ನು ಮರುವರ್ಷ ಜುಲೈಯಲ್ಲೇ ಸಲ್ಲಿಸಿದೆವು; ಅದೂ ಬಂತು. 2025ರ ಏಪ್ರಿಲಿನಿಂದ ಘೋಷಣೆ ಕೊಟ್ಟಿದ್ದರಿಂದ ಹಿಡಿಯುವುದೇ ನಿಂತಿತು. ಆದರೆ 2022-23ರ 5,400 ಬಂದಿಲ್ಲ. ಆ ವರ್ಷದ ಅವಧಿ 2023ರ ಡಿಸೆಂಬರಿಗೇ ಮುಗಿದಿತ್ತು. ವಿಳಂಬವನ್ನು ಮನ್ನಾ ಮಾಡಬೇಕೆಂದು ಮೇಲಧಿಕಾರಿಗಳಿಗೆ ಅರ್ಜಿ ಬರೆದುಕೊಳ್ಳಲು ಐದು ವರ್ಷದ ಅವಕಾಶವಿದೆಯೆಂದು 2024ರ ಅಕ್ಟೋಬರಿನ ಸುತ್ತೋಲೆಯಲ್ಲಿ ಹೇಳಿದೆ. ಅದರ ಪ್ರಕಾರ ಅರ್ಜಿ ಹಾಕಿದ್ದೇವೆ; ತೀರ್ಮಾನ ಇನ್ನೂ ಆಗಬೇಕು. ಬರಲಿ, ಬಾರದಿರಲಿ, ಒಂದು ವರ್ಷ ಮುಂಚೆ ನಮ್ಮಲ್ಲಿ ಮೇಜಿದ್ದಿದ್ದರೆ ಆ ಅರ್ಜಿಯೇ ಬೇಕಾಗುತ್ತಿರಲಿಲ್ಲ.

ಈಗ ಆ ತಾಯಿ ತಮ್ಮ ಓಣಿಯಲ್ಲಿ ಯಾರ ಪಾಸ್‌ಬುಕ್ಕಿನಲ್ಲಿ ಆ ಮೂರು ಅಕ್ಷರ ಕಂಡರೂ ಅವರನ್ನು ಕೈಹಿಡಿದು ಕರೆತರುತ್ತಾರೆ. ಇಂಗ್ಲಿಷ್ ಬಾರದ ಅವರಿಗೆ ಆ ಮೂರು ಅಕ್ಷರದ ಗುರುತು ಮಾತ್ರ ಚೆನ್ನಾಗಿ ಸಿಕ್ಕಿದೆ. ನಮ್ಮ ಈ ಸಭೆಯಲ್ಲಿ ಇಂಗ್ಲಿಷ್ ಬಲ್ಲವರು, ಲೆಕ್ಕ ಬಲ್ಲವರು, ಕಂಪ್ಯೂಟರು ಬಲ್ಲವರು ಹಲವರಿದ್ದಾರೆ. ವರ್ಷಕ್ಕೆ ಆರು ಭಾನುವಾರಗಳನ್ನು ಕೊಡಿ. ಮೇ ತಿಂಗಳಲ್ಲಿ ತರಬೇತಿಯಿದೆ; ನಿವೃತ್ತ ಲೆಕ್ಕಾಧಿಕಾರಿಗಳೊಬ್ಬರು ಹೇಳಿಕೊಡಲು ಒಪ್ಪಿದ್ದಾರೆ. ಪರೀಕ್ಷೆಯೂ ಇರುತ್ತದೆ. ಮೆಟ್ರಿಕ್ ಆದ ನಾನೇ ಮೊದಲು ಬರೆಯುತ್ತೇನೆ. ಆದಕಾರಣ ಯಾರೂ ಹೆದರಬೇಕಾಗಿಲ್ಲ. ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ಪುಸ್ತಕವಿದೆ, ಹೆಸರು ಬರೆಸಿ ಹೋಗಿ.